ಪಾಪ ಅನ್ನಿಸಿತು

"ಕುರಿ ಕಾಯುವ ಮುದುಕನಿಗೆ ಮಗು ನೋಡಿ ಪಾಪ ಅನ್ನಿಸಿತು. ಈ ನಾಟಕ ಶುರುವಾಗುವುದೇ ಅಲ್ಲಿಂದ."

ಡಿಗ್ರಿ ಎರಡನೇ ವರ್ಷದ ಹುಡುಗಿಯೊಬ್ಬಳು ಈಡಿಪಸ್ ನಾಟಕದ ಮೇಲೆ ಬರೆದ ಪ್ರಬಂಧದ ಮೊದಲ ಎರಡು ಸಾಲು ಇವು. ಸಂಜೆ ಮನೆಗೆ ಬಂದು, ಕಾಫಿ ಮಾಡಿಕೊಂಡು, ಅಸೈನ್‌ಮೆಂಟ್ ಕಟ್ಟು ಬಿಚ್ಚಿ ಓದುತ್ತಾ ಕೂತಿದ್ದೆ. ಈ ಸಾಲು ಬಂದಾಗ ಪೆನ್ನು ಕೆಳಗಿಟ್ಟೆ. ಅವತ್ತು ಮುಂದಿನ ಹಾಳೆ ತೆಗೆಯಲೇ ಇಲ್ಲ.

ನಾನು ಐಚ್ಛಿಕ ಇಂಗ್ಲಿಷ್ ಪಾಠ ಮಾಡುತ್ತೇನೆ. 16 ವರ್ಷ ಆಯಿತು. ಸೊಫೊಕ್ಲಿಸ್‌ನ ಈ ನಾಟಕವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮಾಡಿದಾಗೆಲ್ಲ ಇಂಟರ್ನಲ್ಸ್‌ಗೆ ಒಂದೇ ಪ್ರಶ್ನೆ: ಈಡಿಪಸ್‌ನ ದುರಂತ ದೋಷ ಯಾವುದು, ವಿವರಿಸಿ. ಹತ್ತು ಅಂಕ. ಬರುವ ಉತ್ತರವೂ ಒಂದೇ. ಅಹಂಕಾರ, ಮುಂಗೋಪ, ದೇವರನ್ನೇ ಮೀರಲು ಹೋದದ್ದು. ಅರಿಸ್ಟಾಟಲ್ ಹೀಗೆ ಹೇಳಿದ್ದಾನೆ ಅಂತ ಒಂದು ಸಾಲು, ನೋಡುವವರಲ್ಲಿ ಅನುಕಂಪ ಮತ್ತು ಭೀತಿ ಹುಟ್ಟುತ್ತದೆ ಅಂತ ಇನ್ನೊಂದು ಸಾಲು. ಮೊದಲು ಗೈಡ್ ನೋಡಿ ಬರೆಯುತ್ತಿದ್ದರು, ಈಗ ಫೋನಿಗೆ ಕೇಳಿದರೆ ಎರಡು ಪುಟ ತಾನೇ ಬಂದುಬಿಡುತ್ತದೆ. ಮಕ್ಕಳನ್ನು ಬೈದು ಏನು ಪ್ರಯೋಜನ? ದೋಷ ಇದೆ ಅಂತ ಪ್ರಶ್ನೆಯಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದನ್ನು ಹುಡುಕಿ ಕೊಡಿ ಅಂತ ಕೇಳಿದವಳು ನಾನೇ.

ಆ ವರ್ಷ ಒಂದೇ ಒಂದು ಬದಲಾವಣೆ ಮಾಡಿದ್ದೆ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಬೇಕಿದ್ದರೆ ಇಂಗ್ಲಿಷಿಗೆ ತನ್ನಿ ಅಂದಿದ್ದೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಅವರಿಗೆ ಅನ್ನಿಸಿದ್ದು ಬಾಗಿಲ ಆಚೆಯೇ ಉಳಿದುಬಿಡುತ್ತದೆ. ಬಾಯಿಪಾಠ ಬಂದ ವಾಕ್ಯಗಳು ಮಾತ್ರ ಒಳಗೆ ಬರುತ್ತವೆ. ಕನ್ನಡದಲ್ಲಾದರೆ ಏನಾದರೂ ಸ್ವಂತದ್ದು ಬಂದೀತು ಅಂತ ಆಸೆ. ಆ 'ಪಾಪ' ಅನ್ನುವ ಪದ ಬಂದದ್ದು ಹಾಗೆ.

ನಾಟಕ ಗೊತ್ತಿಲ್ಲದವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಥೀಬ್ಸ್ ಊರಿಗೆ ಪಿಡುಗು ಬಂದಿದೆ. ಜನ ಸಾಯುತ್ತಿದ್ದಾರೆ, ಬೆಳೆ ಕೈಕೊಟ್ಟಿದೆ, ಬಸಿರು ನಿಲ್ಲುತ್ತಿಲ್ಲ. ಹಿಂದಿನ ದೊರೆ ಲಾಯಸ್‌ನನ್ನು ಕೊಂದವನು ಊರಲ್ಲೇ ಇದ್ದಾನೆ, ಅವನನ್ನು ಹೊರಗೆ ಹಾಕಿ ಅಂತ ಡೆಲ್ಫಿಯಿಂದ ಅಪೊಲೊ ದೇವರ ಮಾತು ಬರುತ್ತದೆ. ಈಗಿನ ದೊರೆ ಈಡಿಪಸ್ ಕೊಲೆಗಾರನನ್ನು ಹುಡುಕಲು ಹೊರಡುತ್ತಾನೆ. ಹುಡುಕುತ್ತಾ ಹುಡುಕುತ್ತಾ ಅದು ತಾನೇ ಅಂತ ಗೊತ್ತಾಗುತ್ತದೆ. ಕೊಂದದ್ದು ಹೆತ್ತ ತಂದೆಯನ್ನು, ಮದುವೆಯಾಗಿರುವುದು ಹೆತ್ತ ತಾಯಿಯನ್ನು. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿದ್ದ ಬಯಲು ರಂಗದಲ್ಲಿ ಜನ ಇದನ್ನು ನೋಡಿದರು. ಆ ಸ್ಪರ್ಧೆಯಲ್ಲಿ ಸೊಫೊಕ್ಲಿಸ್‌ಗೆ ಸಿಕ್ಕಿದ್ದು ಎರಡನೇ ಬಹುಮಾನ. ಅವನು 120ಕ್ಕೂ ಹೆಚ್ಚು ನಾಟಕ ಬರೆದ ಅನ್ನುತ್ತಾರೆ, ನಮಗೆ ಪೂರ್ತಿ ಉಳಿದಿರುವುದು ಏಳು.

ಇಷ್ಟು ಕಥೆಯಲ್ಲಿ ಕುರಿ ಕಾಯುವವನು ಎಲ್ಲಿ ಬಂದ? ಈ ಮಗು ತಂದೆಯನ್ನು ಕೊಲ್ಲುತ್ತದೆ ಅಂತ ದೇವರ ಮಾತು ಬಂದಿದ್ದಕ್ಕೆ, ಹುಟ್ಟಿದ ಈಡಿಪಸ್‌ನನ್ನು ಸಾಯಿಸಿ ಬಾ ಅಂತ ಕೊಟ್ಟದ್ದು ಇವನ ಕೈಗೆ. ಇವನು ಸಾಯಿಸದೆ ಕೊರಿಂತ್‌ನ ಇನ್ನೊಬ್ಬ ಕುರಿ ಕಾಯುವವನಿಗೆ ಕೊಟ್ಟ, ಅಲ್ಲಿನ ದೊರೆ ರಾಣಿ ತಮ್ಮ ಮಗನ ಹಾಗೆ ಸಾಕಿದರು. ನಾನೂ ಅವನನ್ನು ಹಾಗೇ ದಾಟಿಸಿಬಿಡುತ್ತಿದ್ದೆ. ಕೊನೆಯ ಕೊಂಡಿ, ರಹಸ್ಯ ಬಿಚ್ಚುವ ಪಾತ್ರ, ಅಷ್ಟೆ. ಮುಂದಿನ ಪುಟ.

ಆ ಹುಡುಗಿ ದಾಟಲಿಲ್ಲ. ಅವಳದು ಶಿರಾ ಕಡೆಯ ಹಳ್ಳಿ, ತಾತ ಮತ್ತು ದೊಡ್ಡಪ್ಪ ಕುರಿ ಸಾಕಿದವರು. ಮಳೆಗಾಲ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಊರು ಬಿಟ್ಟರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲವಂತೆ. ಯಾರ್‍ಯಾರದೋ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳು, ದುಡ್ಡು ತೆಗೆದುಕೊಂಡು, ಮತ್ತೆ ಮುಂದೆ. ಹಾಗಾಗಿ ನಾಟಕದಲ್ಲಿ ನನ್ನ ಕಣ್ಣಿಗೆ ಬೀಳದ ಒಂದು ಮಾತು ಅವಳ ಕಣ್ಣಿಗೆ ಬಿತ್ತು.

ಕೊರಿಂತ್ ಊರಿನಿಂದ ಬಂದ ದೂತ ಒಬ್ಬ ಇದ್ದಾನೆ. ಹಿಂದೆ ಅವನೂ ಕುರಿ ಕಾಯುತ್ತಿದ್ದವನೇ. ಥೀಬ್ಸ್‌ನ ಮುದುಕ ತನಗೆ ಇವನ ಗುರುತಿಲ್ಲ ಅಂದಾಗ ಇವನು ನೆನಪು ಮಾಡಿಕೊಡುತ್ತಾನೆ: ಕಿಥೈರಾನ್ ಬೆಟ್ಟದಲ್ಲಿ ನಾವಿಬ್ಬರೂ ಒಟ್ಟಿಗೇ ಇದ್ದೆವು, ಅವನ ಹತ್ತಿರ ಎರಡು ಮಂದೆ, ನನ್ನ ಹತ್ತಿರ ಒಂದು, ವಸಂತದಿಂದ ಸ್ವಾತಿ ನಕ್ಷತ್ರ ಮೂಡುವವರೆಗೆ ಆರಾರು ತಿಂಗಳು, ಹಾಗೆ ಮೂರು ವರ್ಷ, ಚಳಿಗಾಲ ಬಂದರೆ ನಾನು ನನ್ನ ಕೊಟ್ಟಿಗೆಗೆ, ಅವನು ಲಾಯಸ್‌ನ ಕೊಟ್ಟಿಗೆಗೆ. ಬರೀ ಗುರುತು ಹಿಡಿಯಲು ಇಟ್ಟ ಸಾಲು ಅಂದುಕೊಂಡು ನಾನು ಓದುತ್ತಿದ್ದೆ. ಅವಳು ಬರೆದದ್ದು ನೋಡಿ: "ಬೆಟ್ಟದಲ್ಲಿ ಆರು ತಿಂಗಳು ಜೊತೆಗಿದ್ದವರು ಒಬ್ಬರನ್ನೊಬ್ಬರು ಮರೆಯೋದಿಲ್ಲ. ಒಬ್ಬ ಮಲಗಿದರೆ ಇನ್ನೊಬ್ಬ ಎರಡೂ ಮಂದೆ ಕಾಯುತ್ತಾನೆ. ಮುದುಕ ಮರೆತಿಲ್ಲ, ಮರೆತ ಹಾಗೆ ಮಾಡುತ್ತಿದ್ದಾನೆ. ಮಗುವನ್ನು ಯಾರಿಗೋ ದಾರಿಹೋಕನಿಗೆ ಕೊಟ್ಟಿದ್ದಲ್ಲ. ನಂಬಿಕೆ ಇದ್ದವನಿಗೆ ಕೊಟ್ಟಿದ್ದು."

ಅದರ ಕೆಳಗೆ ಇನ್ನೊಂದು ಪ್ಯಾರಾ. ಮೇಯಲು ಹೋದ ಕಡೆ ಕುರಿ ಮರಿ ಹಾಕಿದರೆ ಅವರ ತಾತ ಅದನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಆನಿಸಿಕೊಂಡು ಸಂಜೆಯವರೆಗೆ ನಡೆಯುತ್ತಿದ್ದರಂತೆ. ತಾಯಿ ಸತ್ತ ತಬ್ಬಲಿ ಮರಿ ಇದ್ದರೆ ಬೇರೆ ಕುರಿಯ ಹಾಲಿಗೆ ಬಿಟ್ಟು ಒಗ್ಗಿಸುತ್ತಿದ್ದರಂತೆ. "ಇಂಥ ಕೆಲಸ ಮಾಡುವವನ ಕೈಗೆ ಮೂರು ದಿನದ ಮಗು ಕೊಟ್ಟು ಸಾಯಿಸಿ ಬಾ ಅಂದರೆ ಅವನು ಸಾಯಿಸುತ್ತಾನಾ? ರಾಣಿ ತಪ್ಪು ಮನುಷ್ಯನ ಕೈಗೆ ಕೊಟ್ಟಳು."

ಇದನ್ನು ಎಷ್ಟು ಸಲ ಓದಿದೆನೋ. ರಾಣಿ ತಪ್ಪು ಮನುಷ್ಯನ ಕೈಗೆ ಕೊಟ್ಟಳು.

ಈಗ ಆ ದೋಷದ ವಿಷಯಕ್ಕೆ ಬರುತ್ತೇನೆ, ಇಷ್ಟು ವರ್ಷ ನನ್ನ ಬಾಯಲ್ಲಿ ಇದ್ದದ್ದು ಅದೇ. ಅರಿಸ್ಟಾಟಲ್ ಬಳಸಿದ ಪದ ಹಮಾರ್ಟಿಯಾ. ತೀರಾ ಒಳ್ಳೆಯವನೂ ಅಲ್ಲದ, ಕೆಟ್ಟವನೂ ಅಲ್ಲದ ಮನುಷ್ಯ ತನ್ನ ಕೆಟ್ಟತನದಿಂದಲ್ಲ, ಒಂದು ಹಮಾರ್ಟಿಯಾದಿಂದ ಕೆಳಗೆ ಬೀಳುತ್ತಾನೆ ಅಂತ ಅವನ ಮಾತು. ಈ ಪದದ ಬೇರು ಇರುವುದು ಗುರಿ ತಪ್ಪುವುದರಲ್ಲಿ. ಹೋಮರನ ಕಾವ್ಯದಲ್ಲಿ ಎಸೆದ ಈಟಿ ಪಕ್ಕಕ್ಕೆ ಹೋದರೆ ಅದಕ್ಕೂ ಇದೇ ಕ್ರಿಯಾಪದ. ಸರಿಯಾಗಿಯೇ ಗುರಿ ಇಟ್ಟಿದ್ದೆ, ತಾಗಿದ್ದು ಬೇರೆ ಕಡೆ. ಅದಕ್ಕೂ ಸ್ವಭಾವದ ದೋಷಕ್ಕೂ ಎಷ್ಟು ದೂರ ಅಲ್ವಾ? ದೋಷ ಅಂದ ಕೂಡಲೇ ಅವನಿಗೆ ಆಗಿದ್ದು ಆಗಬೇಕಾದ್ದೇ ಅನ್ನುವ ಕಡೆಗೆ ಮನಸ್ಸು ಜಾರಿಬಿಡುತ್ತದೆ.

ಇದನ್ನು ಮೊದಲು ಕಂಡವಳು ನಾನೇನಲ್ಲ. ಆಕ್ಸ್‌ಫರ್ಡ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದ ಇ.ಆರ್. ಡಾಡ್ಸ್ 1966ರಲ್ಲಿ ಪ್ರಕಟಿಸಿದ ಒಂದು ಲೇಖನ ಹುಟ್ಟಿದ್ದೇ ಇದರಿಂದ, ಅದೂ ವಿದ್ಯಾರ್ಥಿಗಳ ಉತ್ತರ ಪತ್ರಿಕೆ ಓದಿ. ಈ ನಾಟಕ ದೇವರು ಮನುಷ್ಯರ ಜೊತೆ ನಡೆದುಕೊಳ್ಳುವ ರೀತಿಯನ್ನು ಸಮರ್ಥಿಸುತ್ತದೆಯೇ ಅಂತ ಪರೀಕ್ಷೆಯಲ್ಲಿ ಕೇಳಿದ್ದರು. ಒಂದು ಗುಂಪಿನ ಹುಡುಗರು ಈಡಿಪಸ್‌ಗೆ ತಕ್ಕ ಶಾಸ್ತಿ ಆಯಿತು ಅಂತ ಬರೆದರು. ಇನ್ನೊಂದು ಗುಂಪು ಎಲ್ಲಾ ವಿಧಿ, ಮನುಷ್ಯ ಬರೀ ಗೊಂಬೆ ಅಂತ. ಮೂರನೆಯ ಗುಂಪು ಸೊಫೊಕ್ಲಿಸ್ ಕಲಾವಿದ ಮಾತ್ರ, ದೇವರು ಧರ್ಮ ಇಲ್ಲಿ ಮುಖ್ಯವಲ್ಲ ಅಂತ. ಮೂರೂ ತಪ್ಪು ಅಂತ ಡಾಡ್ಸ್ ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಅಲ್ಲಿನ ಹುಡುಗರು ಬರೆದದ್ದೂ ನಮ್ಮ ತರಗತಿಯ ಹಾಳೆಗಳಲ್ಲಿ ಇರುವುದೂ ಹೆಚ್ಚುಕಮ್ಮಿ ಒಂದೇ ಅಂತ ಓದಿದಾಗ ನನಗೆ ಒಂಥರಾ ಸಮಾಧಾನ ಆಗಿತ್ತು.

ಆ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಬೇರೆ. ಈಡಿಪಸ್ ಸುಮ್ಮನೆ ಇರಬಹುದಿತ್ತು ಅನ್ನುತ್ತಾರೆ ಡಾಡ್ಸ್. ಪಿಡುಗು ತಾನಾಗಿ ಹೋಗಲಿ ಅಂತ ಬಿಡಬಹುದಿತ್ತು, ಜನರ ಸಂಕಟ ನೋಡಲಾರದೆ ಡೆಲ್ಫಿಗೆ ಕಳಿಸಿದ. ಕೊಲೆಯ ವಿಚಾರಣೆ ಬಿಡಬಹುದಿತ್ತು, ನ್ಯಾಯ ಅಂತ ಹಿಡಿದ. ಮುದುಕನ ಬಾಯಿ ಬಿಡಿಸದೆ ಇರಬಹುದಿತ್ತು, ಸುಳ್ಳಿನ ಜೊತೆ ಬದುಕಲಾರದೆ ಬಿಡಿಸಿದ. ಒಂದೊಂದು ಹೆಜ್ಜೆಯೂ ಒಳ್ಳೆಯದೇ.

ಈ ಲೇಖನ ಓದಿ ಎಷ್ಟೋ ವರ್ಷ ಆಗಿತ್ತು. ಪಾಠದಲ್ಲಿ ಒಂದೆರಡು ಸಲ ಹೇಳಿದ್ದೂ ಉಂಟು. ಆದರೂ ಪ್ರಶ್ನೆ ಪತ್ರಿಕೆ ಮಾತ್ರ ಬದಲಾಗಿರಲಿಲ್ಲ. ಓದಿದ್ದು ತಲೆಯಲ್ಲಿ ಒಂದು ಕಡೆ ಇತ್ತು, ಪಾಠ ಇನ್ನೊಂದು ಕಡೆ ನಡೆಯುತ್ತಿತ್ತು. ಎರಡನ್ನೂ ಒಟ್ಟಿಗೆ ತಂದದ್ದು ಆ ಹುಡುಗಿಯ 'ಪಾಪ'.

ಈ ಪದ ಎಂಥದ್ದು ನೋಡಿ. ತಪ್ಪು ಕೆಲಸ ಮಾಡಿದರೆ ಪಾಪ. ಇನ್ನೊಬ್ಬರ ಕಷ್ಟ ಕಂಡು ಕರುಳು ಚುರ್ ಅಂದರೆ ಅಯ್ಯೋ ಪಾಪ. ನಮ್ಮ ಕಡೆ ಹಸುಗೂಸನ್ನೂ ಪಾಪ ಅನ್ನುತ್ತೇವೆ, 'ಪಾಪ ಅಳ್ತಾ ಇದೆ ನೋಡು' ಅಂತ. ಮಗು, ಮರುಕ, ಮಹಾ ಅಪರಾಧ, ಮೂರಕ್ಕೂ ಎರಡೇ ಅಕ್ಷರ. ಆ ನಾಟಕದ ಇಡೀ ಕಥೆ ಈ ಮೂರರ ನಡುವೆ ಇದೆ. ಬೆಟ್ಟದ ಮೇಲೆ ಒಂದು ಪಾಪ. ಅದನ್ನು ನೋಡಿ ಒಬ್ಬನಿಗೆ ಪಾಪ ಅನ್ನಿಸಿತು. ಅದರಿಂದ ಊರಿಗೇ ಅಂಟುವ ಪಾಪ ಬಂತು. ಹುಡುಗಿ ಇದನ್ನು ಲೆಕ್ಕ ಹಾಕಿ ಬರೆದಿರಲಿಲ್ಲ. ಮನೆಯಲ್ಲಿ ಆಡುವ ಮಾತನ್ನು ಹಾಗೇ ಇಟ್ಟಿದ್ದಳು. ಅವಳು ನೇರ ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಪದ ಸೋರಿಹೋಗುತ್ತಿತ್ತು, ನನಗೂ ಸಿಗುತ್ತಿರಲಿಲ್ಲ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಬೈಬಲ್ಲಿನ ಹೊಸ ಒಡಂಬಡಿಕೆ ಇರುವುದೂ ಗ್ರೀಕಿನಲ್ಲೇ. ಅಲ್ಲಿ ಹಮಾರ್ಟಿಯಾ ಅಂದರೆ ದೇವರ ಮುಂದೆ ಮಾಡಿದ ತಪ್ಪು, ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ಇರುವ ಪದ ಪಾಪವೇ. ಗುರಿ ತಪ್ಪಿದ ಈಟಿ ಅಲ್ಲಿಯವರೆಗೆ ಬಂದಿದೆ.

ನನಗೆ ಗ್ರೀಕ್ ಬರುವುದಿಲ್ಲ. ಸಾಲು ಸಾಲಿಗೂ ಟಿಪ್ಪಣಿ ಇರುವ ಪುಸ್ತಕ ಹಿಡಿದು ಮುದುಕ ನಿಜವಾಗಿ ಏನು ಹೇಳುತ್ತಾನೆ ಅಂತ ನೋಡಿದೆ. ಈಡಿಪಸ್ ಕೇಳುತ್ತಾನೆ, ಕೊಲ್ಲು ಅಂತ ಕೊಟ್ಟ ಮಗುವನ್ನು ಈ ಮನುಷ್ಯನಿಗೆ ಯಾಕೆ ಕೊಟ್ಟೆ? 1178ನೇ ಸಾಲು. ಮರುಕ ಆಯಿತು, ದೊರೆ. ಇವನು ಬೇರೆ ದೇಶಕ್ಕೆ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡೆ. ಕನ್ನಡದಲ್ಲಿ ಹೇಳಬೇಕಾದರೆ ಪಾಪ ಅನ್ನಿಸಿತು ಅಂತಲೇ ಹೇಳಬೇಕು. ಆಮೇಲೆ ನಾಟಕದ ಮೊದಲ ಪುಟಕ್ಕೆ ಹೋದೆ. ಅರಮನೆಯ ಮುಂದೆ ಕೊಂಬೆ ಹಿಡಿದು ಕೂತ ಜನರನ್ನು ನೋಡಿ ಈಡಿಪಸ್ ಆಡುವ ಮಾತು 13ನೇ ಸಾಲಿನಲ್ಲಿದೆ: ನಿಮ್ಮನ್ನು ಹೀಗೆ ನೋಡಿಯೂ ಮರುಕ ಪಡದಿದ್ದರೆ ನಾನು ಕಲ್ಲೆದೆಯವನು. ಎರಡೂ ಕಡೆ ಒಂದೇ ಬೇರಿನ ಪದ. ದೊರೆ ಬಾಯಿ ತೆರೆಯುವುದು ಆ ಪದದಿಂದ, ಮುದುಕನ ಬಾಯಿ ಬಿಡಿಸಿದಾಗ ಹೊರಗೆ ಬರುವುದೂ ಅದೇ. ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆ ಟೇಬಲ್ ಮೇಲೆ ಇದು ಸಿಕ್ಕಿದಾಗ ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸಿತು.

ಹುಡುಕುತ್ತಾ ಹೋದರೆ ಎಲ್ಲರೂ ಹಾಗೇ. ಕೊರಿಂತ್‌ನ ದೂತ ಮಗುವಿನ ಕಣಕಾಲಿಗೆ ಚುಚ್ಚಿದ್ದ ಮೊಳೆ ಬಿಡಿಸಿದವನು. ಈಗ ಬಂದಿರುವುದು ಒಳ್ಳೆ ಸುದ್ದಿ ಕೊಟ್ಟು ಹೋಗಲು. ಈಡಿಪಸ್‌ನ ಭಯ ಹೋಗಲಿ ಅಂತಲೇ, ಕೊರಿಂತ್‌ನ ದೊರೆ ರಾಣಿ ನಿನ್ನ ಹೆತ್ತವರಲ್ಲಪ್ಪ ಅನ್ನುತ್ತಾನೆ. ಈಡಿಪಸ್ ಕೊರಿಂತ್ ಬಿಟ್ಟು ಓಡಿದ್ದು ಅಪ್ಪ ಅಮ್ಮನಿಗೆ ತನ್ನಿಂದ ಕೇಡಾಗದಿರಲಿ ಅಂತ. ಆ ದಾರಿಯೇ ಅವನನ್ನು ಮೂರು ದಾರಿ ಕೂಡುವಲ್ಲಿಗೆ, ಲಾಯಸ್‌ನ ಗಾಡಿಯ ಎದುರಿಗೆ ತಂದು ನಿಲ್ಲಿಸಿತು. ಮುಂಗೋಪ ಇತ್ತು, ಇಲ್ಲ ಅನ್ನುವುದಿಲ್ಲ. ಕೋಪದಲ್ಲೇ ಅಲ್ಲಿ ಕೊಂದ. ಆದರೆ ಕೋಪ ಮಾತ್ರ ಹಿಡಿದುಕೊಂಡು ಉಳಿದದ್ದೆಲ್ಲ ಬಿಟ್ಟರೆ ಕೈಯಲ್ಲಿ ಉಳಿಯುವುದು ನಾಟಕ ಅಲ್ಲ, ಹತ್ತು ಅಂಕದ ಉತ್ತರ.

ಮಾರನೇ ದಿನ ಅವಳ ಪ್ರಬಂಧ ತರಗತಿಯಲ್ಲಿ ಓದಿದೆ, ಅವಳನ್ನು ಕೇಳಿಯೇ. ಮೊದಲು ಗದ್ದಲ. ಹಾಗಾದರೆ ತಪ್ಪು ಮುದುಕನದಾ ಅಂತ ಒಬ್ಬ ಎದ್ದ. ಮಗು ಅಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅಂತೀರಾ ಅಂತ ಇನ್ನೊಬ್ಬಳು ತಿರುಗಿಬಿದ್ದಳು. ಈಡಿಪಸ್ ಕೂಡ ಕೊನೆಯಲ್ಲಿ ಅದೇ ಹೇಳುತ್ತಾನಲ್ಲ, ನನ್ನ ಕಾಲು ಬಿಡಿಸಿ ಉಳಿಸಿದವನು ಹಾಳಾಗಲಿ ಅಂತ ಶಾಪ ಹಾಕುತ್ತಾನೆ. ಹಿಂದಿನ ಬೆಂಚಿನ ಹುಡುಗಿ, ವರ್ಷವೆಲ್ಲಾ ಒಂದು ಮಾತೂ ಆಡದವಳು, ನಿಧಾನಕ್ಕೆ ಕೇಳಿದಳು: "ಮೇಡಂ, ರಾಣಿ ಮೊದಲು ಹೇಳಿದಾಗ ಮಗುವನ್ನು ಬೇರೆಯವರ ಕೈಯಲ್ಲಿ ಬೆಟ್ಟಕ್ಕೆ ಹಾಕಿಸಿದರು ಅಂತಾಳೆ. ಮುದುಕ ಹೇಳಿದಾಗ ಅವಳೇ ಕೈಯಾರೆ ಕೊಟ್ಟಳು ಅಂತ ಗೊತ್ತಾಗುತ್ತೆ. ಅವಳು ಯಾಕೆ ಹಾಗೆ ಹೇಳಿದಳು?" ತರಗತಿ ಸುಮ್ಮನಾಯಿತು. ಯಾರಿಗೂ ಉತ್ತರ ಬೇಕಾಗಿರಲಿಲ್ಲ.

ನನಗೆ ಆಗ ನೆನಪಾದದ್ದು ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಹೆಂಗಸೊಬ್ಬಳ ಬಾಯಿಂದ ಕೇಳಿ ಬರೆದುಕೊಂಡ ಕಥೆ. ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗಿಯ ಹಣೆಬರಹದಲ್ಲಿ ಇರುತ್ತದೆ, ಹೆತ್ತ ಮಗನನ್ನೇ ಮದುವೆಯಾಗಿ ಅವನಿಂದ ಮಗು ಪಡೆಯುತ್ತಾಳೆ ಅಂತ. ಗಂಡಸರ ಸಹವಾಸವೇ ಬೇಡ ಅಂತ ಕಾಡಿಗೆ ಹೋಗುತ್ತಾಳೆ. ಆದರೂ ಮಗು ಹುಟ್ಟುತ್ತದೆ. ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಅಲ್ಲೂ ಯಾರೋ ಎತ್ತಿಕೊಂಡು ಸಾಕುತ್ತಾರೆ, ನೋಡಿ, ಅಲ್ಲೂ ಪಾಪ ಅಂದವರು ಇದ್ದರು. ಅವನು ಬೆಳೆದು ಅವಳನ್ನೇ ಮದುವೆಯಾಗುತ್ತಾನೆ. ಕೂಸು ಹುಟ್ಟಿದ ಮೇಲೆ ಒಂದು ದಿನ ಆ ಸೀರೆ ತುಂಡು ಕೈಗೆ ಸಿಗುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ತೊಟ್ಟಿಲು ತೂಗುತ್ತಾ ಹಾಡುತ್ತಾಳೆ, ಮಗನೇ, ಮೊಮ್ಮಗನೇ, ಗಂಡನ ತಮ್ಮನೇ, ಮಲಗು ಅಂತ. ಮಗು ಮಲಗಿದ ಮೇಲೆ ಸೀರೆಯಲ್ಲಿ ನೇಣು ಹಾಕಿಕೊಳ್ಳುತ್ತಾಳೆ. ಗ್ರೀಕ್ ನಾಟಕದಲ್ಲಿ ರಾಣಿ ಒಳಗೆ ಹೋಗುವುದು ಮಾತ್ರ ಕಾಣುತ್ತದೆ, ಬಾಗಿಲು ಹಾಕಿಕೊಳ್ಳುತ್ತದೆ, ಆದದ್ದನ್ನು ಬೇರೆಯವನು ಬಂದು ಹೇಳುತ್ತಾನೆ. ನಮ್ಮ ಕಥೆ ಬಾಗಿಲ ಒಳಗೇ ಕೂತು ಅವಳ ಹಾಡು ಕೇಳಿಸಿಕೊಳ್ಳುತ್ತದೆ. ಕಥೆ ಹೇಳಿದವಳೂ ಹೆಂಗಸು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ.

ಆವಾಗಿನಿಂದ ಆ ಹಳೆಯ ಪ್ರಶ್ನೆ ಕೇಳಿಲ್ಲ. ನಾಟಕದ ಯಾವುದಾದರೂ ಒಂದು ಸಣ್ಣ ಪಾತ್ರ ಹಿಡಿದು, ಅವರು ನಿಂತ ಜಾಗದಿಂದ ಕಂಡದ್ದನ್ನು ಬರೆಯಿರಿ, ಮೊದಲು ನಿಮ್ಮ ಮನೆ ಮಾತಿನಲ್ಲಿ ಅನ್ನುತ್ತೇನೆ. ನಾಟಕವನ್ನೂ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಪಿ. ಲಂಕೇಶ್ ಇದನ್ನು ಕನ್ನಡಕ್ಕೆ ತಂದಿದ್ದಾರೆ, 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದರು. ಅದಕ್ಕೂ ಎಷ್ಟೋ ಹಿಂದೆ, 1929ರಲ್ಲೇ, ಬಿ.ಎಂ.ಶ್ರೀ ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು 'ಅಶ್ವತ್ಥಾಮನ್' ಮಾಡಿದ್ದರು. ಕನ್ನಡದಲ್ಲಿ ಇವನು ಹೊಸಬನೇನಲ್ಲ. ಕಳೆದ ವರ್ಷ ಒಬ್ಬ ಹುಡುಗ ಬರೆದದ್ದು ಕೊರಿಂತ್‌ನ ಊಟದ ಮನೆಯಲ್ಲಿ ಕುಡಿದು, ನೀನು ನಿಮ್ಮಪ್ಪನ ಮಗನಲ್ಲ ಅಂತ ಈಡಿಪಸ್‌ಗೆ ಕೂಗಿ ಹೇಳುವವನ ಬಗ್ಗೆ. ಅವನಿಗೆ ಹೆಸರಿಲ್ಲ, ರಂಗಕ್ಕೂ ಬರುವುದಿಲ್ಲ. ಕುಡಿದವರು ನಿಜ ಹೇಳಿದರೂ ಬೆಳಿಗ್ಗೆ ಯಾರೂ ಒಪ್ಪುವುದಿಲ್ಲ ಅಂತ ಶುರು ಮಾಡಿ, ಮನೆಯ ವಿಷಯ ಒಂದು ಮಾತೂ ಹೇಳದೆ, ಎಲ್ಲಾ ಹೇಳಿದ್ದ. ವ್ಯಾಕರಣ ತಪ್ಪಿತ್ತು. ಹತ್ತಕ್ಕೆ ಒಂಬತ್ತು ಕೊಟ್ಟೆ. ಎಲ್ಲರೂ ಹೀಗೆ ಬರೆಯುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಹಾಳೆಗಳು ಇವತ್ತಿಗೂ ಫೋನಿನಿಂದಲೇ ಬರುತ್ತವೆ, ಓದಿದರೆ ಗೊತ್ತಾಗುತ್ತದೆ. ಕರೆದು ಕೂರಿಸಿ ಕೇಳುತ್ತೇನೆ, ಈ ವಾಕ್ಯ ನಿಮ್ಮ ಅಮ್ಮನಿಗೆ ಹೇಗೆ ಹೇಳ್ತೀಯ ಅಂತ. ಕೆಲವರು ಹೇಳುತ್ತಾರೆ. ಅದನ್ನೇ ಬರಿ ಅನ್ನುತ್ತೇನೆ.

ಶಿರಾ ಹುಡುಗಿಯ ಪ್ರಬಂಧದ ಕೊನೆಯಲ್ಲಿ ಒಂದು ವಿಷಯ ಇತ್ತು. ಲಾಯಸ್ ಸತ್ತಾಗ ಜೊತೆಗಿದ್ದು ಬದುಕಿ ಬಂದ ಒಬ್ಬನೇ ಆಳು ಇದೇ ಮುದುಕ. ಊರಿಗೆ ಬಂದು, ಸಿಂಹಾಸನದ ಮೇಲೆ ಈಡಿಪಸ್‌ನನ್ನು ನೋಡಿ, ರಾಣಿಯ ಕೈ ಮುಟ್ಟಿ ಬೇಡಿಕೊಂಡು, ಊರು ಕಣ್ಣಿಗೆ ಕಾಣದಷ್ಟು ದೂರ ಕುರಿ ಮೇಯಿಸಲು ಹೋಗಿದ್ದ. ಕೊಲೆಯ ಬಗ್ಗೆ ಕೇಳಲು ಅವನನ್ನು ಕರೆಸುತ್ತಾರೆ, ಬರುವಷ್ಟರಲ್ಲಿ ಪ್ರಶ್ನೆಯೇ ಬೇರೆ ಆಗಿರುತ್ತದೆ, ಕೊಲೆಯ ಮಾತು ಯಾರೂ ಎತ್ತುವುದಿಲ್ಲ. ಕೈ ಹಿಂದಕ್ಕೆ ತಿರುಚಿ ಬಾಯಿ ಬಿಡಿಸುತ್ತಾರೆ. ಅವನು ಹೇಳುತ್ತಾನೆ. ಈಡಿಪಸ್ ಕೂಗಿಕೊಂಡು ಒಳಗೆ ಓಡುತ್ತಾನೆ, ಮೇಳದವರು ಹಾಡಲು ಶುರು ಮಾಡುತ್ತಾರೆ. ಮುದುಕನ ಸುದ್ದಿ ಮತ್ತೆ ಬರುವುದಿಲ್ಲ.

"ಅವನು ಆಮೇಲೆ ಎಲ್ಲಿಗೆ ಹೋದ ಅಂತ ನಾಟಕದಲ್ಲಿ ಇಲ್ಲ" ಅಂತ ಅವಳು ಬರೆದು ನಿಲ್ಲಿಸಿದ್ದಳು. ನಾನು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಎಲ್ಲಿಗೆ ಹೋಗಿರಬಹುದು?' ಅಂತ ಬರೆದೆ. ಹಾಳೆ ವಾಪಸ್ ಕೊಡುವಾಗ ಬಾಯಲ್ಲೂ ಕೇಳಿದೆ. ಅವಳು ಯೋಚನೆ ಮಾಡಲೂ ಇಲ್ಲ.

"ಕುರಿ ಬಿಟ್ಟು ಬಂದಿದ್ನಲ್ಲ ಮೇಡಂ. ಕತ್ತಲಾಗೋದ್ರೊಳಗೆ ಹೋಗ್ಲೇಬೇಕು."